ಅಕ್ಕನ ಸಿನಿಮಾ

ಪ್ರತಿ ವರ್ಷ ಡಿಸೆಂಬರ್ ಇಪ್ಪತ್ತೈದಕ್ಕೆ ನನ್ನ ತಮ್ಮನ ಸಂಸಾರ ಸಾಗರದಿಂದ, ತಂಗಿಯ ಸಂಸಾರ ತೀರ್ಥಹಳ್ಳಿ ಕಡೆಯ ಅರಳಸುರಳಿಯಿಂದ ಹೊಸನಗರದ ನಮ್ಮ ಮನೆಗೆ ಬಂದಿಳಿಯುತ್ತಿದ್ದವು. ನಮ್ಮ ಮನೆ ಎಂದರೆ ನಾನು ಮತ್ತು ಅಮ್ಮ, ಇಬ್ಬರೇ. ನಮ್ಮಲ್ಲಿ ಯಾರೂ ಕ್ರಿಸ್‌ಮಸ್ ಆಚರಿಸುವವರಲ್ಲ. ತಮ್ಮನ ಮಕ್ಕಳ ಇಂಗ್ಲಿಷ್ ಮೀಡಿಯಂ ಶಾಲೆಗೆ ಹತ್ತು ದಿನ ರಜೆ ಇರುತ್ತದೆ, ಅಷ್ಟೇ ಕಾರಣ. ನಾನು ಗಣಿತ ಕಲಿಸುತ್ತಿದ್ದ ಸರ್ಕಾರಿ ಹೈಸ್ಕೂಲಿಗೆ ಒಂದೇ ದಿನದ ರಜೆ. ವರ್ಷವಿಡೀ ಉಳಿಸಿಟ್ಟುಕೊಂಡ ಎರಡು ಸಿ.ಎಲ್. ಹಾಕಿ, ಮೂರು ದಿನ ಅವರಿಗೆಲ್ಲ ಕಡುಬು ಬೇಯಿಸಿ, ಕೋಳಿ ಸಾರು ಮಾಡಿ, ಹಾಸಿಗೆ ಹಾಸಿ, ಹಾಸಿಗೆ ಸುತ್ತಿಟ್ಟು, ಇಪ್ಪತ್ತೆಂಟಕ್ಕೆ ಶಾಲೆಗೆ ಹೋದರೆ ಸಹೋದ್ಯೋಗಿಗಳು ರಜೆ ಹೇಗಿತ್ತು ಮೇಡಂ ಎಂದು ಕೇಳುತ್ತಿದ್ದರು. ಚೆನ್ನಾಗಿತ್ತು ಎನ್ನುತ್ತಿದ್ದೆ.

ಆ ಮೂರು ದಿನಕ್ಕೂ ಒಂದು ಕ್ರಮವಿತ್ತು. ಮೊದಲ ದಿನ ಮಕ್ಕಳು ಆರಿಸಿದ ಸಿನಿಮಾ. ಹಿಮ ಬೀಳುವ ಊರು, ಕೆಂಪು ಟೋಪಿ, ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಇಂಗ್ಲಿಷ್ ಜನ. ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ದೊಡ್ಡವರ ಸಿನಿಮಾ. ಮೂರನೆಯ ದಿನ ಎಲ್ಲರೂ ಎಲ್ಲಾದರೂ ಸುತ್ತಾಡಲು ಹೋಗುವುದು. ಒಂದೆರಡು ವರ್ಷ ಹೊನ್ನೆಮರಡು ಹಿನ್ನೀರಿಗೂ ಹೋದರು. ಅಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಆ ಒಬ್ಬಳು ಯಾರೆಂದು ಚರ್ಚೆ ಎಂದೂ ನಡೆದದ್ದಿಲ್ಲ. ಅವರು ಹಿನ್ನೀರಿನ ಫೋಟೋ ತಂದು ತೋರಿಸುತ್ತಿದ್ದರು. ನೀರು ನೀಲಿಯಾಗಿತ್ತು.

ಎರಡನೆಯ ದಿನದ ಆ ಸಿನಿಮಾ ಮಾತ್ರ ಪ್ರತಿ ವರ್ಷವೂ ಒಂದೇ. ಅದಕ್ಕೆ ನಮ್ಮ ಮನೆಯಲ್ಲಿ ‘ಅಕ್ಕನ ಸಿನಿಮಾ’ ಎಂದೇ ಹೆಸರು. ಅಕ್ಕ ಎಂದರೆ ನಾನು. ಹಳೆಯ ಕನ್ನಡ ಸಿನಿಮಾ. ಅದರ ನಿಜವಾದ ಹೆಸರು ಇಲ್ಲಿ ಬೇಡ, ನನ್ನ ಸಿಟ್ಟಿಗೆ ಅದನ್ನು ತೆಗೆದವರು ಹೊಣೆಯಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಒಬ್ಬ ಅಕ್ಕ ದೇವಸ್ಥಾನದೆದುರು ಹೂ ಕಟ್ಟಿ ಮಾರಿ ತಮ್ಮನನ್ನೂ ತಂಗಿಯನ್ನೂ ಸಾಕುತ್ತಾಳೆ. ಅವಳನ್ನು ಮದುವೆಯಾಗಲು ಒಬ್ಬರು ಮೇಷ್ಟರು ಬರುತ್ತಾರೆ. ತಂಗಿಯ ಮದುವೆಯಾಗಲಿ ಎಂದು ಅಕ್ಕ ಅವರನ್ನು ಬಾಗಿಲಿನಿಂದಲೇ ಹಿಂದೆ ಕಳಿಸುತ್ತಾಳೆ. ಅಲ್ಲಿಗೆ ಇಂಟರ್ವಲ್.

ಇಂಟರ್ವಲ್ ಎಂದು ಅಕ್ಷರ ಬಿದ್ದ ಕೂಡಲೇ ನಾನು ಟೀ ಮಾಡಲು ಏಳಬೇಕು. ಟೀ, ಜೊತೆಗೆ ಏನಾದರೂ ಕರಿದದ್ದು. ಎಂಟು ಜನಕ್ಕೆ ಅದನ್ನು ಮಾಡಿ, ಹಂಚಿ, ಲೋಟ ತೊಳೆದು, ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಸಿನಿಮಾ ಮುಗಿದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ಏನಾಯಿತು ಎಂದು ಮೊದಮೊದಲು ಕೇಳಿದ್ದೆ. ಎಲ್ಲರೂ ಒಂದಾಗುತ್ತಾರೆ ಎಂದು ತಂಗಿ ಹೇಳಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟೆ. ಕ್ಯಾಸೆಟ್ಟಿನ ಕಾಲ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಈಗ ಮೊಬೈಲಿನಲ್ಲಿ ಹುಡುಕಿ ಟಿವಿಗೆ ಹಾಕುತ್ತಾರೆ. ಈ ಎಲ್ಲ ಯಂತ್ರಗಳಲ್ಲೂ ಸಿನಿಮಾ ನಿಲ್ಲಿಸಲು ಒಂದು ಬಟನ್ ಇರುತ್ತದೆ. ಅಕ್ಕ ಬರುವವರೆಗೆ ಅದನ್ನು ಒತ್ತಬಹುದು ಎಂದು ಅಕ್ಕನ ಸಿನಿಮಾ ನೋಡುತ್ತಿದ್ದ ಯಾರಿಗೂ ಹೊಳೆಯಲಿಲ್ಲ.

ನನಗೆ ನಿಜವಾಗಿ ಇಷ್ಟವಾಗುವುದು ಹೊಡೆದಾಟದ ಸಿನಿಮಾ. ಐವತ್ತೆಂಟು ವರ್ಷದ ಗಣಿತದ ಟೀಚರ್ ಹೀಗೆ ಬರೆದರೆ ನಗು ಬರಬಹುದು, ಬರಲಿ. ಒಬ್ಬನೇ ಇಪ್ಪತ್ತು ಜನರನ್ನು ಕೆಡವುತ್ತಾನಲ್ಲ, ಕೆಡವುವ ಮೊದಲು ಅವಸರವಿಲ್ಲದೆ ಅಂಗಿಯ ತೋಳು ಮಡಚುತ್ತಾನಲ್ಲ, ಅದನ್ನು ನೋಡುವಾಗ ನನ್ನ ಮೈಯೆಲ್ಲ ಹಗುರಾಗುತ್ತದೆ. ಯಾರ ಮಾತನ್ನೂ ನುಂಗಿಕೊಳ್ಳದ ಜನರನ್ನು ಎರಡೂವರೆ ಗಂಟೆ ನೋಡುವುದೆಂದರೆ ನನಗೆ ಹಬ್ಬ. ತಿಂಗಳಿಗೊಂದು ಭಾನುವಾರ ಪಕ್ಕದ ಮನೆಯ ಹೆಂಗಸನ್ನು ಅಮ್ಮನ ಹತ್ತಿರ ಕೂರಿಸಿ, ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ, ಬೆಳಗಿನ ಬಸ್ಸಿಗೆ ಸಾಗರಕ್ಕೆ ಹೋಗುತ್ತಿದ್ದೆ. ಮಸಾಲೆ ದೋಸೆ ತಿಂದು, ಥಿಯೇಟರಿನಲ್ಲಿ ಒಬ್ಬಳೇ ಕೂತು, ಕತ್ತಲಾಗುವ ಮೊದಲು ವಾಪಸ್. ತಮ್ಮನ ಅಂಗಡಿ ಥಿಯೇಟರಿಗೆ ಎರಡು ಬೀದಿ ಆಚೆ. ಅದರೆದುರು ಹಾಯುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದೆ. ಕಳ್ಳತನ ಮಾಡಿದರೂ ಇಷ್ಟು ಹೆದರುತ್ತಿರಲಿಲ್ಲವೇನೋ.

ಹಾಗಾದರೆ ಆ ಅಳುವ ಸಿನಿಮಾ ನನ್ನ ಹೆಸರಿಗೆ ಹೇಗೆ ಅಂಟಿತು? ಮೂವತ್ತಮೂರು ವರ್ಷದ ಹಿಂದೆ, ಇಂಥದೇ ಒಂದು ಡಿಸೆಂಬರಿನಲ್ಲಿ, ನಾನು ಅದನ್ನು ನೋಡುತ್ತ ಎಲ್ಲರೆದುರು ಅತ್ತುಬಿಟ್ಟಿದ್ದೆ.

ಆಗ ನಾವು ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನಗೆ ಇಪ್ಪತ್ತೈದು, ಕೆಲಸ ಸಿಕ್ಕಿ ಎರಡನೆಯ ವರ್ಷ. ತಂಗಿಗೆ ಅರಳಸುರಳಿಯ ಹುಡುಗ ಗೊತ್ತಾಗಿದ್ದ, ಮರುದಿನ ನಿಶ್ಚಿತಾರ್ಥ. ನೆಂಟರೆಲ್ಲ ಹಿಂದಿನ ದಿನವೇ ಬಂದು ತುಂಬಿದ್ದರು. ಅವರಿಗೆ ಹೊತ್ತು ಹೋಗಲೆಂದು ಸೋದರಮಾವ ಟಿವಿಯನ್ನೂ ಕ್ಯಾಸೆಟ್ ಹಾಕುವ ವಿ.ಸಿ.ಪಿ.ಯನ್ನೂ ಬಾಡಿಗೆಗೆ ತಂದಿದ್ದರು. ಆಗಿನ ಪದ್ಧತಿ ಅದು: ಒಂದು ದಿನದ ಬಾಡಿಗೆಗೆ ಒಂದು ಟಿವಿ, ಮೂರು ಕ್ಯಾಸೆಟ್, ಬಾಡಿಗೆ ದಂಡವಾಗಬಾರದೆಂದು ಮೂರನ್ನೂ ಬೆನ್ನು ಬೆನ್ನಿಗೆ ನೋಡಿ ಮುಗಿಸಬೇಕು. ಕಿಟಕಿಗೆ ಕಂಬಳಿ ಕಟ್ಟಿ ಹಗಲನ್ನು ಕತ್ತಲೆ ಮಾಡಿದ್ದರು.

ನನ್ನನ್ನೂ ಆ ತಿಂಗಳು ಒಬ್ಬರು ಕೇಳಿಕೊಂಡು ಬಂದಿದ್ದರು. ನನ್ನ ಶಾಲೆಯಲ್ಲೇ ಕೆಲಸ ಮಾಡುತ್ತಿದ್ದ ಮೇಷ್ಟರು, ನಮ್ಮ ಜನವೇ. ನನಗೆ ಅವರು ಇಷ್ಟವಾಗಿದ್ದರು. ಅದನ್ನು ಅಮ್ಮನ ಹತ್ತಿರ ನಾಚಿಕೆ ಬಿಟ್ಟು ಹೇಳಿಯೂ ಇದ್ದೆ. ಆ ದಿನ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಮಾವ ಅಡುಗೆಮನೆ ಬಾಗಿಲಿಗೆ ಬಂದು, ಅವರ ಮನೆಗೆ ಬೇಡ ಅಂತ ಹೇಳಿ ಕಳಿಸಿದ್ದೇನೆ, ತಂಗಿಯ ಮದುವೆ, ತಮ್ಮನ ಓದು ಎಲ್ಲ ಮುಗಿಯಲಿ, ಆಮೇಲೆ ನಿನ್ನದು ನೋಡೋಣ ಎಂದು ಹೇಳಿ ಎರಡು ದೋಸೆ ಹಾಕಿಸಿಕೊಂಡು ಹೋದರು. ಅಮ್ಮ ಪಕ್ಕದಲ್ಲೇ ಕಾಯಿ ತುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಹನ್ನೊಂದು ಗಂಟೆಗೆ ಸಿನಿಮಾ ಶುರುವಾಯಿತು. ಮೇಷ್ಟರನ್ನು ಬಾಗಿಲಿನಿಂದ ಹಿಂದೆ ಕಳಿಸುವ ದೃಶ್ಯ ಬಂದಾಗ ನನಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ನೆಂಟರೆಲ್ಲ ಟಿವಿ ಬಿಟ್ಟು ನನ್ನನ್ನು ನೋಡಿದರು. ಎಷ್ಟು ಮೃದು ಮನಸ್ಸು ಹುಡುಗಿಯದು ಎಂದು ಯಾರೋ ಅಂದರು. ಇಂಟರ್ವಲ್ ಆಯಿತು, ಎಲ್ಲರಿಗೂ ಟೀ ಆಗಬೇಕು ಎಂದು ಅಮ್ಮ ನನ್ನ ಭುಜ ಮುಟ್ಟಿದಳು. ಎದ್ದು ಹೋದೆ. ಅಂದಿನಿಂದ ಅದು ಅಕ್ಕನ ಸಿನಿಮಾ.

ಮಾವ ಹೇಳಿದ ‘ಆಮೇಲೆ’ ಬರಲೇ ಇಲ್ಲ. ತಂಗಿಯ ಮದುವೆಯಾಯಿತು, ತಮ್ಮನ ಓದು ಮುಗಿಯಿತು, ಅವನ ಹಾರ್ಡ್‌ವೇರ್ ಅಂಗಡಿಯಾಯಿತು, ಮದುವೆಯಾಯಿತು. ಅಷ್ಟರಲ್ಲಿ ಅಮ್ಮನ ಮಂಡಿ ಹೋಯಿತು. ನಾನು ಹೊಸನಗರದಲ್ಲಿ ಮನೆ ಮಾಡಿ ಅಮ್ಮನನ್ನು ಇಟ್ಟುಕೊಂಡೆ. ಮಕ್ಕಳು ಅಮೆರಿಕದಲ್ಲಿದ್ದರೆ ದೂರವಾಯಿತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಇವರಿಬ್ಬರೂ ಇದ್ದದ್ದು ಒಂದೊಂದು ಬಸ್ಸಿನ ದೂರದಲ್ಲಿ. ಅಮ್ಮ ಅವರ ಮನೆಯಲ್ಲಿ ಒಂದು ವಾರ ಉಳಿದದ್ದು ನನಗೆ ನೆನಪಿಲ್ಲ.

ಈಗ ಕಳೆದ ವರ್ಷದ ಡಿಸೆಂಬರಿನ ವಿಷಯಕ್ಕೆ ಬರುತ್ತೇನೆ. ಆ ತಿಂಗಳು ನನಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿಯ ಆದೇಶ ಬಂತು. ಚಿತ್ರದುರ್ಗ ಕಡೆಯ ಒಂದು ಹಳ್ಳಿಯ ಹೈಸ್ಕೂಲು, ಹದಿನೈದು ದಿನದೊಳಗೆ ಹೋಗಿ ಸೇರಬೇಕು. ಇದು ಮೂರನೆಯ ಸಲ. ಹಿಂದೆ ಎರಡು ಸಲ ಅಮ್ಮನ ಕಾರಣಕ್ಕೆ ಬಡ್ತಿ ಬೇಡವೆಂದು ನಾನೇ ಬರೆದುಕೊಟ್ಟಿದ್ದೆ. ನನಗಿಂತ ಆರು ವರ್ಷ ಚಿಕ್ಕವರು ನನಗೇ ಮುಖ್ಯಸ್ಥರಾಗಿ ಬಂದು, ನನ್ನ ಪಾಠದ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಚೆನ್ನಾಗಿ ಮಾಡ್ತೀರಿ ಮೇಡಂ ಎಂದು ಹೋಗಿದ್ದರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಈ ಸಲವೂ ಬಿಟ್ಟರೆ ಮುಗಿಯಿತು. ಒಂದು ಶಾಲೆಯನ್ನು ನನ್ನ ಮನಸ್ಸಿನಂತೆ ನಡೆಸಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಎಲ್ಲಿ ಗಿಡ ನೆಡಿಸಬೇಕು, ಬೆಳಗಿನ ಗಂಟೆ ಎಷ್ಟಕ್ಕೆ ಹೊಡೆಸಬೇಕು ಎಂಬುದನ್ನೂ ನೋಡದ ಆ ಶಾಲೆಯ ಬಗ್ಗೆ ಯೋಚಿಸಿ ಇಟ್ಟಿದ್ದೆ.

ಅಮ್ಮನನ್ನು ಜೊತೆಗೆ ಕರೆದೊಯ್ಯುವಂತಿರಲಿಲ್ಲ. ಅವಳಿಗೆ ಎಂಬತ್ತೊಂದು, ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕುತ್ತಾಳೆ. ಹೊಸನಗರದಲ್ಲಾದರೆ ನಾನು ಶಾಲೆಯಲ್ಲಿದ್ದಾಗ ಪಕ್ಕದ ಮನೆಯವರು ಎರಡು ಸಲ ಬಂದು ನೋಡುತ್ತಿದ್ದರು. ಗೊತ್ತಿಲ್ಲದ ಊರಿನಲ್ಲಿ ಇಡೀ ಹಗಲು ಅವಳೊಬ್ಬಳನ್ನು ಬಿಡುವುದು ಹೇಗೆ? ಹಾಗಾಗಿ ನನ್ನ ಕೋರಿಕೆ ಸಣ್ಣದು: ಮೂರು ವರ್ಷ, ತಮ್ಮನ ಮನೆಯಲ್ಲಿ ಆರು ತಿಂಗಳು, ತಂಗಿಯ ಮನೆಯಲ್ಲಿ ಆರು ತಿಂಗಳು. ನಿವೃತ್ತಿಯಾದ ದಿನ ಬಂದು ನಾನೇ ಕರೆದುಕೊಂಡು ಹೋಗುತ್ತೇನೆ. ಅಮ್ಮನಿಗೂ ಮೊದಲೇ ಹೇಳಿದ್ದೆ. ಅವಳು ಹೂಂ ಎಂದೂ ಹೇಳಲಿಲ್ಲ, ಉಹೂಂ ಎಂದೂ ಹೇಳಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಕೈ ತೊಳೆದು ಎಲ್ಲರೂ ಹಾಲಿಗೆ ಬಂದಾಗ, ನಿಮ್ಮ ಹತ್ತಿರ ಒಂದು ಮುಖ್ಯವಾದ ವಿಷಯ ಮಾತಾಡಬೇಕು ಎಂದೆ. ತಮ್ಮ ಆಗಲೇ ರಿಮೋಟ್ ಹಿಡಿದಿದ್ದ.

“ನಿನ್ನ ಸಿನಿಮಾ ಮುಗೀಲಿ ಅಕ್ಕ, ಆಮೇಲೆ ಕೂತು ಮಾತಾಡಣ” ಎಂದ.

ಸರಿ ಎಂದು ನಾನೂ ಕೂತೆ. ಆದರೆ ಆವತ್ತು ಒಂದು ತೀರ್ಮಾನ ಮಾಡಿಕೊಂಡಿದ್ದೆ. ಇಂಟರ್ವಲ್ ಆದಾಗ ಏಳಲಿಲ್ಲ. ಎಲ್ಲರೂ ಅಡುಗೆಮನೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಕೊನೆಗೆ ತಮ್ಮನ ಹೆಂಡತಿ ಎದ್ದು ಹೋಗಿ ಟೀ ಮಾಡಿದಳು, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಮೂರು ಸಲ ಕೂಗಿ ಕೇಳಿದಳು. ನಾನು ಕೂತಲ್ಲಿಂದಲೇ ಉತ್ತರ ಕೊಟ್ಟೆ. ಹೀಗೆ ಮೂವತ್ತೆರಡು ವರ್ಷವಾದ ಮೇಲೆ ನನ್ನ ಸಿನಿಮಾದ ಉಳಿದರ್ಧವನ್ನು ಮೊದಲ ಸಲ ನೋಡಿದೆ.

ಉಳಿದರ್ಧದಲ್ಲಿ ಅಕ್ಕ ಸಾಯುತ್ತಾಳೆ. ತಮ್ಮ ದೊಡ್ಡ ಮನುಷ್ಯನಾಗುತ್ತಾನೆ, ಅವನ ಮನೆಯಲ್ಲಿ ಅಕ್ಕನಿಗೆ ಜಾಗವಿಲ್ಲದಾಗುತ್ತದೆ, ತಂಗಿ ತನ್ನ ಗಂಡನ ಮನೆಯವರಿಗೆ ಹೆದರಿ ಸುಮ್ಮನಾಗುತ್ತಾಳೆ. ತಮ್ಮನ ಮಗುವಿನ ನಾಮಕರಣಕ್ಕೆ ಹೂ ಕಟ್ಟಿಕೊಂಡು ಬಂದ ಅಕ್ಕ ಅಂಗಳದಲ್ಲೇ ಕುಸಿದು ಬೀಳುತ್ತಾಳೆ. ನೀವೆಲ್ಲ ನಗುತ್ತಿದ್ದರೆ ನನಗೆ ಅಷ್ಟೇ ಸಾಕು ಎಂದು ಹೇಳಿ ಕಣ್ಣು ಮುಚ್ಚುತ್ತಾಳೆ. ತಮ್ಮ ಎಡಗಾಲು ಹಿಡಿದುಕೊಂಡು, ತಂಗಿ ಬಲಗಾಲು ಹಿಡಿದುಕೊಂಡು ಗೊಳೋ ಎಂದು ಅಳುತ್ತಾರೆ. ಎಲ್ಲರೂ ಒಂದಾಗುತ್ತಾರೆ ಎಂದು ತಂಗಿ ಹೇಳಿದ್ದು ಸುಳ್ಳೇನಲ್ಲ. ಹೆಣದ ಸುತ್ತ ಒಂದಾಗಿದ್ದರು. ಮತ್ತೊಂದನ್ನೂ ಗಮನಿಸಿದೆ: ಅಷ್ಟು ಉದ್ದದ ಸಿನಿಮಾದಲ್ಲಿ ಆ ಅಕ್ಕ ಎಲ್ಲರಿಗೂ ಬಡಿಸುತ್ತಾಳೆ, ಒಂದು ತುತ್ತೂ ತಿನ್ನುವುದಿಲ್ಲ. ಅವಳು ತಿನ್ನುವುದನ್ನು ತೋರಿಸಬೇಕೆಂದು ತೆಗೆದವರಿಗೂ ಅನ್ನಿಸಿಲ್ಲ, ನೋಡಿದವರಿಗೂ ಅನ್ನಿಸಿಲ್ಲ.

ಸಿನಿಮಾ ಮುಗಿದಾಗ ತಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ತಂಗಿ ಸೆರಗಿನಲ್ಲಿ ಮೂಗು ಹಿಡಿದುಕೊಂಡಿದ್ದಳು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎಂದುಕೊಂಡು ಬಡ್ತಿಯ ವಿಷಯ ಎತ್ತಿದೆ. ಗಣಿತ ಕಲಿಸುವವಳಾಗಿ ನನ್ನ ಲೆಕ್ಕ ಇಷ್ಟು ತಪ್ಪಬಾರದಿತ್ತು.

ಮೊದಲು ಇಬ್ಬರಿಗೂ ಖುಷಿಯಾಯಿತು. ಹೆಡ್ ಮಿಸ್ ಆದೆಯಾ ಎಂದು ತಂಗಿ ಕೈ ಕುಲುಕಿದಳು. ಅಮ್ಮನ ಮಾತು ಬಂದಾಗ ಕೈ ಹಿಂದೆ ಹೋಯಿತು. ಅವಳ ಮನೆಯಲ್ಲಿ ಅಡಿಕೆ ಕೊಯ್ಲು ಸುಲಿತವಂತೆ, ದಿನಾ ಹದಿನೈದು ಜನ ಕೆಲಸದವರಂತೆ, ಅಮ್ಮ ಬಿದ್ದುಗಿದ್ದರೆ ನೋಡುವವರು ಯಾರಂತೆ. ಕೊಯ್ಲು ಮುಗಿದ ಮೇಲೆ ಕರೆದುಕೋ ಎಂದೆ. ಆಮೇಲೆ ಮಗನಿಗೆ ಹೆಣ್ಣು ನೋಡುವುದಿದೆಯಂತೆ. ತಮ್ಮನ ಮನೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಅಮ್ಮನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲವಲ್ಲ ಎಂದು ಅವನು ನೊಂದುಕೊಂಡು ಹೇಳಿದ. ಅದೇ ಮನೆಯ ಗೃಹಪ್ರವೇಶದ ದಿನ ಅಂಗಡಿಯ ನಾಲ್ವರು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತಿದ್ದರು. ಫೋಟೋದಲ್ಲಿ ತಾಯಿ ಇರಬೇಕಿತ್ತು.

“ಇನ್ನು ಮೂರು ವರ್ಷಕ್ಕೆ ಎಂತಕ್ಕೆ ಬೇಕು ಅಕ್ಕ ಆ ತಲೆಬಿಸಿ? ನೀನಿಲ್ದಿದ್ರೆ ಅಮ್ಮ ಒಂದಿನ ಬದುಕಲ್ಲ” ಎಂದ ತಮ್ಮ. ಆಮೇಲೆ, ಕಣ್ಣಿನ ಒದ್ದೆ ಆರುವ ಮೊದಲೇ, “ನಮ್ ಪಾಲಿಗೆ ಆ ಸಿನಿಮಾದ ಅಕ್ಕ ನೀನೇ” ಎಂದ.

ತಂಗಿ ಹೌದೆಂದು ತಲೆಯಾಡಿಸಿದಳು. ನಾನು ಅಮ್ಮನ ಮುಖ ನೋಡಿದೆ. ಒಂದು ಮಾತು ಅವಳು ಆಡಿದ್ದರೆ ಸಾಕಿತ್ತು, ನಾನು ನಿಮ್ಮ ಮನೆಗೆ ಬರುತ್ತೇನೆ ಎಂದಿದ್ದರೆ ಆ ಇಬ್ಬರಲ್ಲಿ ಯಾರಿಗೂ ಅವಳ ಮುಖಕ್ಕೆ ಹೊಡೆದಂತೆ ಬೇಡ ಎನ್ನುವ ಧೈರ್ಯವಿರಲಿಲ್ಲ. ಅಮ್ಮ ಟಿವಿ ನೋಡುತ್ತಿದ್ದಳು. ಟಿವಿ ಆರಿಹೋಗಿತ್ತು.

ಮರುದಿನ ಅವರೆಲ್ಲ ತಮ್ಮ ತಮ್ಮ ಊರಿಗೆ ಹೊರಟರು. ಮಧ್ಯಾಹ್ನ ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದೆ. ಹಿಂದೆ ಎರಡು ಸಲ ಬರೆದು ಕೊಟ್ಟ ಹಾಗೆ ಈ ಸಲವೂ ಬರೆದು ಕೊಟ್ಟುಬಿಡು ಎಂದು ಅವಳು ಮೆತ್ತಗೆ ಹೇಳಿದಳು. ನನ್ನ ಕೈ ನಿಂತಿತು. ಆ ಸಿನಿಮಾ ಕಂಡರೆ ನನಗೆ ಆಗುವುದಿಲ್ಲ, ಆವತ್ತು ನಾನು ಅತ್ತದ್ದು ಸಿನಿಮಾ ನೋಡಿ ಅಲ್ಲ ಎಂದು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವಳು ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ.

“ಗೊತ್ತಿತ್ತು” ಎಂದಳು ಅಮ್ಮ.

“ಗೊತ್ತಿದ್ದೂ ಇಷ್ಟು ವರ್ಷ ಸುಮ್ನಿದ್ಯಾ?”

“ಹೇಳಿದ್ರೆ ನೀನು ಹೋಗ್ತಿದ್ದೆ.”

ಅವಳ ದನಿಯಲ್ಲಿ ತಪ್ಪೊಪ್ಪಿಗೆಯೂ ಇರಲಿಲ್ಲ, ಕೊಂಕೂ ಇರಲಿಲ್ಲ. ಹಾಲು ಉಕ್ಕಬಾರದೆಂದು ಒಲೆ ಸಣ್ಣ ಮಾಡಿದೆ ಎನ್ನುವ ಹಾಗೆ ಹೇಳಿದಳು. ಎಣ್ಣೆ ತಿಕ್ಕುವುದನ್ನು ಮುಗಿಸಿದೆ, ಎರಡೂ ಮಂಡಿಗೆ. ಕೈ ತೊಳೆಯಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ತುಂಬ ಹೊತ್ತು ನಿಂತಿದ್ದೆ. ಅವಳ ಮೇಲೆ ಅಂಥ ದ್ವೇಷ ನನಗೆ ಹಿಂದೆ ಬಂದಿರಲಿಲ್ಲ. ಅದನ್ನು ಬೇರೆ ಹೆಸರಿನಿಂದ ಕರೆದು ಸಣ್ಣದು ಮಾಡುವುದಿಲ್ಲ.

ಜನವರಿ ಎರಡನೆಯ ತಾರೀಕು ಅಮ್ಮನ ಸೀರೆ, ಮಾತ್ರೆ, ವಾಕರ್, ಬಿಸಿನೀರಿನ ಚೀಲ ಎಲ್ಲ ಕಟ್ಟಿದೆ. ಮಾತ್ರೆ ಯಾವ ಹೊತ್ತಿಗೆ ಯಾವುದು ಎಂದು ದಪ್ಪ ಅಕ್ಷರದಲ್ಲಿ ಎರಡು ಹಾಳೆ ಬರೆದೆ. ಬಾಡಿಗೆ ಕಾರಿನಲ್ಲಿ ಸಾಗರಕ್ಕೆ ಹೋಗಿ ತಮ್ಮನ ಅಂಗಡಿಯೆದುರು ನಿಲ್ಲಿಸಿದೆ. ಈ ಸಲ ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ. ಅಂಗಡಿಯ ನಾಲ್ವರನ್ನು ಕರೆದು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಮೇಲೆ ಹೋಗಿ ಎಂದೆ. ಹಿಂದೆ ಹೊತ್ತವರಲ್ಲಿ ಇಬ್ಬರು ಅಲ್ಲೇ ಇದ್ದರು, ಮೆಟ್ಟಿಲು ಅವರಿಗೆ ಹೊಸದಲ್ಲ. ಒಂದು ಫೋನ್ ಆದರೂ ಮಾಡಬಾರದಿತ್ತೇ ಎಂದು ತಮ್ಮ ಗಿರಾಕಿಗಳ ಮುಂದೆ ದನಿ ತಗ್ಗಿಸಿ ಕೇಳಿದ.

“ಮಾಡಿದ್ರೆ ನೀನು ಊರಲ್ಲಿ ಇರ್ತಿರಲಿಲ್ಲ” ಎಂದೆ.

ಹೇಳಿದ ಮೇಲೆ ಕೇಳಿಸಿತು, ಅದು ಅಮ್ಮನದೇ ಧಾಟಿ. ಮಹಡಿಯ ಮೇಲೆ ಅಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹೋಗಿ ಬರುತ್ತೇನೆ ಎಂದೆ. ಅವಳು ತಿರುಗಲಿಲ್ಲ. ಅಲ್ಲಿಂದಲೇ ಹೊಸ ಶಾಲೆಯ ಊರಿಗೆಂದು ಬಸ್ಸು ಹತ್ತಿ ಶಿವಮೊಗ್ಗದವರೆಗೂ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಕಿಟಕಿ ಬಿಟ್ಟುಕೊಟ್ಟಳು.

ನಾನು ಮಾಡಿದ್ದು ಸರಿ ಎಂದು ಸಾಧಿಸಲು ಇದನ್ನು ಬರೆಯುತ್ತಿಲ್ಲ. ಎಂಬತ್ತೊಂದು ವರ್ಷದವಳನ್ನು ಸಾಮಾನು ಇಳಿಸಿದ ಹಾಗೆ ಅಂಗಡಿಯ ಮುಂದೆ ಇಳಿಸಿ ಬಂದವಳು ನಾನು. ಆರು ತಿಂಗಳಿಗೆ ತಂಗಿಯ ಮನೆಗೆ ಕಳಿಸುವ ಮಾತನ್ನು ಅವರಿಬ್ಬರೂ ಫೋನಿನಲ್ಲಿ ಜಗಳವಾಡಿ ಮುಂದೂಡುತ್ತಲೇ ಇದ್ದಾರೆ. ಅಮ್ಮ ಸಾಗರದಲ್ಲೇ ಇದ್ದಾಳೆ, ಮಾತ್ರೆ ತಪ್ಪಿಲ್ಲ, ಒಂದು ದಿನವೂ ಬಿದ್ದಿಲ್ಲ. ಅಕ್ಕ ಬದಲಾದಳು, ಅಧಿಕಾರ ತಲೆಗೇರಿತು ಎಂಬ ಮಾತು ನೆಂಟರಲ್ಲೆಲ್ಲ ಓಡಾಡಿ ನನ್ನವರೆಗೂ ಬಂದಿದೆ.

ನನ್ನ ಶಾಲೆ ಚೆನ್ನಾಗಿದೆ. ಗಿಡ ನೆಡಿಸಿದೆ, ಅರ್ಧ ಒಣಗಿದವು, ಈ ಕಡೆಯ ಮಣ್ಣಿನ ಅಂದಾಜು ನನಗಿರಲಿಲ್ಲ. ಭಾನುವಾರ ಯಾರಿಗೂ ಸುಳ್ಳು ಹೇಳದೆ ಪೇಟೆಗೆ ಹೋಗಿ ಹೊಡೆದಾಟದ ಸಿನಿಮಾ ನೋಡುತ್ತೇನೆ. ಮೊದಲಿನಷ್ಟು ಖುಷಿಯಾಗುವುದಿಲ್ಲ. ಕೆಳಗೆ ಬಿದ್ದವರ ಕಡೆ ಕಣ್ಣು ಹೋಗುತ್ತದೆ.

ವಾರಕ್ಕೊಮ್ಮೆ ಅಮ್ಮನಿಗೆ ಫೋನ್ ಮಾಡುತ್ತೇನೆ. ಮೊದಲ ಎರಡು ತಿಂಗಳು ಮಲಗಿದ್ದಾರೆ ಎಂಬ ಉತ್ತರವೇ ಬರುತ್ತಿತ್ತು. ಆಮೇಲೆ ಅಮ್ಮ ಫೋನಿಗೆ ಬಂದು, ಯಾವಾಗ ಬಂದು ಕರೆದುಕೊಂಡು ಹೋಗುತ್ತೀಯ ಎಂದು ಕೇಳತೊಡಗಿದಳು. ಇನ್ನು ಇಷ್ಟು ವರ್ಷ ಇಷ್ಟು ತಿಂಗಳು ಎಂದು ಹೇಳುತ್ತೇನೆ. ಕೇಳಿ ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತಾಳೆ.

ಈ ಡಿಸೆಂಬರಿನಲ್ಲಿ ಎಲ್ಲರೂ ತಮ್ಮನ ಮನೆಯಲ್ಲಿ ಸೇರಿದರು. ನನ್ನನ್ನೂ ಕರೆದರು, ಶಾಲೆಯ ಕೆಲಸವಿದೆ ಎಂದೆ, ನಿಜಕ್ಕೂ ಇತ್ತು. ಇಪ್ಪತ್ತಾರರ ಸಂಜೆ ತಂಗಿ ಫೋನ್ ಮಾಡಿದಳು. ನಾನಿಲ್ಲದಿದ್ದರೂ ರೂಢಿ ತಪ್ಪಬಾರದೆಂದು ಅದೇ ಸಿನಿಮಾ ಹಾಕಿದ್ದರಂತೆ. ಅಮ್ಮ ಈ ಸಲ ಬಚ್ಚಲಿಗೂ ಏಳದೆ, ಟೀಯನ್ನೂ ಮುಟ್ಟದೆ ಕೊನೆಯವರೆಗೆ ನೋಡಿದಳಂತೆ. ಆ ಅಕ್ಕ ಸತ್ತಾಗ ತಂಗಿಯೂ ತಮ್ಮನೂ ಅಳುತ್ತಿದ್ದರೆ ಅಮ್ಮನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲವಂತೆ. ಏನಾದರೂ ಅಂದಳೇ ಎಂದು ಕೇಳಿದೆ. ಕೇಳಬಾರದಿತ್ತು. ಹೇಳಬೇಕೆಂದೇ ತಂಗಿ ಫೋನ್ ಮಾಡಿದ್ದಳು.

“‘ಇಂಥ ಮಗಳು ಸಿನಿಮಾದಲ್ಲಿ ಮಾತ್ರ ಇರ್ತಾಳೆ’ ಅಂದ್ಲು ಅಮ್ಮ.”

ನಾನು ಸರಿ ಎಂದು ಹೇಳಿ ಫೋನ್ ಇಟ್ಟೆ.